ಮೊಲದ ಕಾಲುಚೀಲದಲ್ಲಿ ಐದು ಸೀಸೆ

ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದ ನೈಟ್ರೋಜನ್ ಕ್ಯಾನು ಬೆವರುತ್ತಿತ್ತು. ಘಾಟಿ ಹತ್ತುವಾಗಲೇ ನೋಡಿದ್ದೆ. ಹೊರಗೆ ಮಂಜು, ಸಕಲೇಶಪುರದ ಚಳಿ, ಅದಕ್ಕೇ ಇರಬೇಕು ಅಂದುಕೊಂಡೆ. ಸೀಟು ಒದ್ದೆಯಾದರೆ ಡ್ರೈವರ್ ಗೊಣಗುತ್ತಾನೆ ಅಂತ ನನ್ನ ಟವೆಲ್ ತೆಗೆದು ಅದಕ್ಕೆ ಸುತ್ತಿ, ಸೀಟ್ ಬೆಲ್ಟು ಹಾಕಿ, ಶೀತ ಆದ ಮಗುವನ್ನು ಕೂರಿಸುವ ಹಾಗೆ ಕೂರಿಸಿದೆ. ನಾನು ಕೋಶಗಳ ಮೇಲೆ ಡಾಕ್ಟರೇಟ್ ಮಾಡಿದವಳು. ಎಂಟು ವರ್ಷ ಇಂಥ ಕ್ಯಾನುಗಳ ಮೂತಿಗೆ ಬಗ್ಗಿಯೇ ಬದುಕಿದವಳು. ಬೆವರುವ ಕ್ಯಾನಿಗೆ ಟವೆಲ್ ಹೊದಿಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಲ್ಲಿ ಕೇಳಿ ನೀವು ನಗುವುದು ಬೇಡ.

ಆ ಕ್ಯಾನಿನ ಒಳಗೆ, ಕೊರೆಯುವ ದ್ರವ ನೈಟ್ರೋಜನ್ನಿನಲ್ಲಿ ಇದ್ದದ್ದು ಕಿರುಬೆರಳು ಉದ್ದದ ಐದು ಪ್ಲಾಸ್ಟಿಕ್ ಸೀಸೆ. ಅವುಗಳೊಳಗೆ ಹೆಪ್ಪುಗಟ್ಟಿಸಿಟ್ಟ ಇಲಿಯ ಭ್ರೂಣದ ಕಾಂಡಕೋಶಗಳು. ಅಂದರೆ ಮೂರ್ನಾಲ್ಕು ದಿನದ ಭ್ರೂಣದಿಂದ ತೆಗೆದ, ಮುಂದೆ ಮೂಳೆಯಾಗಬೇಕೋ ಮಿದುಳಾಗಬೇಕೋ ಇನ್ನೂ ತೀರ್ಮಾನ ಮಾಡದ ಕೋಶಗಳು. ನಮ್ಮ ಲ್ಯಾಬಿನ ಒಬ್ಬಳು ಹುಡುಗಿ ಮೂರು ವರ್ಷ ಕೂತು ಇವುಗಳೊಳಗೆ ಒಂದು ಕರಾಮತ್ತು ಮಾಡಿದ್ದಳು. ಡಿಎನ್‌ಎ ದಾರವನ್ನು ಕುಣಿಕೆ ಕುಣಿಕೆಯಾಗಿ ಮಡಚುವ ಕೊಹೆಸಿನ್ ಅನ್ನೋ ಒಂದು ಪ್ರೋಟೀನ್ ಇದೆ. ಅದಕ್ಕೆ ಒಂದು ಬಾಲ ಅಂಟಿಸಿದ್ದಳು. ಒಂದು ಔಷಧಿ ಹಾಕಿದರೆ ಸಾಕು, ಆ ಬಾಲ ನೋಡಿಕೊಂಡು ಕೋಶವೇ ಆ ಪ್ರೋಟೀನನ್ನು ಒಂದೆರಡು ಗಂಟೆಯಲ್ಲಿ ಪುಡಿ ಮಾಡಿಬಿಡುತ್ತದೆ. ಇಷ್ಟು ಮಾಡಿ, ಸಾಕಪ್ಪಾ ಸಾಕು ಅಂತ ಅವಳು ಹೈಸ್ಕೂಲಿನಲ್ಲಿ ಪಾಠ ಮಾಡೋಕೆ ಹೋಗಿಬಿಟ್ಟಳು. ಆಮೇಲೆ ಕರಾವಳಿಯ ನಮ್ಮ ಹಳೇ ಲ್ಯಾಬಿನ ದೊಡ್ಡ ನೈಟ್ರೋಜನ್ ಟ್ಯಾಂಕು ಒಂದು ರಜೆಯಲ್ಲಿ ಒಣಗಿ, ಉಳಿದ ಸ್ಟಾಕೆಲ್ಲ ಹಾಳಾಯಿತು. ಬೇರೆ ಡಬ್ಬಿಯಲ್ಲಿದ್ದ ಐದು ಸೀಸೆ ಮಾತ್ರ ಉಳಿದವು.

ನಮ್ಮ ಪ್ರಬಂಧ ಪತ್ರಿಕೆಯ ಬಾಗಿಲಲ್ಲಿ ನಿಂತಿತ್ತು. ಎರಡನೇ ವಿಮರ್ಶಕರು ಒಂದೇ ಒಂದು ಪ್ರಶ್ನೆ ಕೇಳಿದ್ದರು: ಮಡಿಕೆ ಬಿಚ್ಚಿದ ಮೇಲೆ ಆ ಕೋಶ ಕಾಂಡಕೋಶವಾಗಿಯೇ ಉಳಿಯುತ್ತದೋ ಇಲ್ಲವೋ? ಉತ್ತರ ಕೊಡಬೇಕಾದರೆ ಈ ಐದು ಸೀಸೆ ಬೇಕು. ಇವು ಕರಗಿದರೆ ಅವಳ ಮೂರು ವರ್ಷ, ನನ್ನ ಎರಡು ವರ್ಷ ನೀರಿನಲ್ಲಿ ಹೋಮ. ಗೈಡು ಬೆಂಗಳೂರಿಗೆ ಲ್ಯಾಬ್ ಬದಲಾಯಿಸಿದ್ದರು. ಕೊರಿಯರ್‌ನವರು ಹತ್ತೆಂಟು ಕಾಗದ ಕೇಳಿದರು. ಕೊನೆಗೆ ಗೈಡು, ನೀನೇ ಕಾರಲ್ಲಿ ತಗೊಂಡು ಬಾ ಅಂದರು. ಹಳೇ ಸ್ಟೋರಿನಲ್ಲಿದ್ದ ಒಂದು ಕ್ಯಾನು ತುಂಬಿಸಿಕೊಂಡು ಹೊರಟೆ.

ಸಕಲೇಶಪುರ ದಾಟುತ್ತಿದ್ದಂತೆ ಹೆದ್ದಾರಿಯಲ್ಲಿ ಯಾವುದೋ ಲಾರಿ ಅಡ್ಡ ಮಲಗಿತ್ತು. ಡ್ರೈವರ್ ಬುದ್ಧಿವಂತ, ಬೆಳಗೋಡು ಮೇಲೆ ಸುತ್ತಿ ಹೋಗೋಣ ಅಂದ. ಬೆಳಗೋಡಿನ ಹತ್ತಿರ ಒಂದು ತಿರುವಿನಲ್ಲಿ ಹತ್ತು ಹದಿನೈದು ಗಾಡಿ ಸಾಲಾಗಿ ನಿಂತಿದ್ದವು. ಕಾಫಿ ಕುಯ್ಯೋಕೆ ಹೊರಟಿದ್ದ ಹೆಂಗಸರು ಪಿಕಪ್ಪಿನಿಂದ ಇಳಿದು ಮೋರಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಆನೆ ಕಾಯುವ ತಂಡದವನೊಬ್ಬ ಕೋಲು ಅಡ್ಡ ಹಿಡಿದು ನಿಂತಿದ್ದ.

"ಎಷ್ಟೊತ್ತಾಗುತ್ತೆ?" ಅಂದೆ.

"ಆನೇನ ಕೇಳ್ಬೇಕು ಕಣಮ್ಮ. ಮೂರು ಅವೆ. ರೋಡ್ ಪಕ್ಕದ ಎಸ್ಟೇಟಲ್ಲೇ ನಿಂತವೆ. ಒಂದು ಮರಿ ಬೇರೆ ಐತೆ."

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಆನೆಯ ಬಾಲದ ತುದಿಯೂ ಯಾರಿಗೂ ಕಾಣಲಿಲ್ಲ. ನಾನು ಕ್ಯಾನಿನ ಮುಚ್ಚಳ ತೆಗೆದು ಅಳತೆಯ ಪಟ್ಟಿ ಇಳಿಸಿ ನೋಡಿದೆ. ಬೆಳಿಗ್ಗೆ ಒಂದು ಗೇಣು ಇದ್ದ ನೈಟ್ರೋಜನ್ ನಾಲ್ಕು ಬೆರಳಿಗೆ ಬಂದಿತ್ತು. ಘಾಟಿಯ ತಿರುವಿನಲ್ಲಿ ಚೆಲ್ಲಿರಬೇಕು ಅಂತ ಡ್ರೈವರ್ ಮೇಲೆ ರೇಗಿದೆ. "ನಾನು ಇಪ್ಪತ್ತರಲ್ಲಿ ಬಂದೆ ಮೇಡಂ, ಎತ್ತಿನ ಗಾಡಿನೂ ನನ್ನ ಓವರ್‌ಟೇಕ್ ಮಾಡ್ತು," ಅಂದ. ಅದು ನಿಜ. ಹಾಗೆ ಬಾ ಅಂತ ನಾನೇ ಹೇಳಿದ್ದೆ.

ನಮ್ಮ ಕಾರಿನ ಹಿಂದೆ ಒಂದು ಬೈಕು ಬಂದು ನಿಂತಿತು. ಮಂಕಿ ಕ್ಯಾಪು, ಖಾಕಿ ಸ್ವೆಟರು, ಐವತ್ತು ದಾಟಿದ ಆಸಾಮಿ. ಹಿಂದಿನ ಸೀಟಿಗೆ ಹಗ್ಗದಲ್ಲಿ ಕಟ್ಟಿದ್ದು ನನ್ನದರಂಥದ್ದೇ ಒಂದು ಕ್ಯಾನು, ಸ್ವಲ್ಪ ಸಣ್ಣದು. ಜೇಬಿನಿಂದ ತೋಳುದ್ದದ ಪ್ಲಾಸ್ಟಿಕ್ ಗ್ಲೌಸಿನ ಕಟ್ಟು ಇಣುಕುತ್ತಿತ್ತು. ಹಸುಗಳಿಗೆ ಇಂಜೆಕ್ಷನ್ ಕೊಟ್ಟು ಗಬ್ಬ ಕಟ್ಟಿಸುವವರು. ಕಾರಿನೊಳಗೆ ಇಣುಕಿ ನೋಡಿ ಅವರು ಮೊದಲು ಅಂದದ್ದು ಇದು:

"ಯಾಕಮ್ಮಾ ಹೆಣಕ್ಕೆ ಬಟ್ಟೆ ಸುತ್ತಿದೀರಾ?"

"ಏನ್ರೀ ಹಂಗಂದ್ರೆ?"

"ಈ ಕ್ಯಾನು ಸತ್ತೋಗೈತೆ. ಮೈಯೆಲ್ಲಾ ಬೆವರ್ತಾ ಐತೆ ನೋಡಿ. ಎರಡು ಪದರದ ನಡುವೆ ಗಾಳಿ ನುಗ್ಗಿದ್ರೆ ಹಿಂಗೇ ಆಗೋದು. ನಂದು ನೋಡಿ, ಒಣಗಿದ ಬೆಲ್ಲದಚ್ಚು ಇದ್ದಂಗೈತೆ."

ಅವರ ಕ್ಯಾನು ಮುಟ್ಟಿ ನೋಡಿದೆ. ಒಣಗಿತ್ತು. ಅದೇ ಮಂಜು, ಅದೇ ಚಳಿ. ಪದರದ ನಿರ್ವಾತ ಹೋದರೆ ಹೊರಮೈ ತಣ್ಣಗಾಗಿ ಬೆವರುತ್ತದೆ ಅಂತ ನಾನೇ ಎಷ್ಟು ಸಲ ಎಂ.ಎಸ್ಸಿ. ಹುಡುಗರಿಗೆ ಹೇಳಿಲ್ಲ! ಇಲ್ಲಿಗೆ ಹತ್ತಿರದ ನಮ್ಮೂರು ಪಾಳ್ಯದ ಮನೆಯ ಹಸುವಿಗೂ ಇಂಥದ್ದೇ ಕ್ಯಾನು ಹೊತ್ತುಕೊಂಡು ಬರುತ್ತಿದ್ದವರನ್ನು ನೋಡಿಕೊಂಡು ಬೆಳೆದವಳು ನಾನು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇನ್ನೆಷ್ಟೊತ್ತು ತಡೆಯುತ್ತೆ ಡಾಕ್ಟ್ರೇ?"

"ನಾನ್ ಡಾಕ್ಟ್ರಲ್ಲ, ಇನ್ಸೆಮಿನೇಟ್ರು. ಊರೋರು ಹಂಗಂತಾರೆ ಅಷ್ಟೆ." ತಮ್ಮ ಬಿದಿರು ಕಡ್ಡಿ ಇಳಿಸಿ, ತೆಗೆದು ಗಾಳಿಯಲ್ಲಿ ಬೀಸಿ, ಬಿಳಿಗಟ್ಟಿದ ಗೆರೆ ನೋಡಿದರು. "ಮೂರು ಬೆರಳು. ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿ. ಒಳಗೇನೈತೆ? ಯಾವ ತಳಿ, ಎಚ್ಚೆಫ್ಫಾ, ಜೆರ್ಸಿನಾ?"

"ಇಲಿ."

ಅವರು ಮಂಕಿ ಕ್ಯಾಪು ಮೇಲೆತ್ತಿ ನನ್ನ ಮುಖ ನೋಡಿದರು. ಆದರೆ ಹೆಚ್ಚು ಕೇಳಲಿಲ್ಲ. ಯಾವ ಪ್ರಾಣಿಯದಾದರೂ ಹೆಪ್ಪುಗಟ್ಟಿದ ಜೀವ ಜೀವವೇ ಅನ್ನೋದು ಅವರ ಧರ್ಮ ಅಂತ ಆಮೇಲೆ ತಿಳಿಯಿತು. "ಹಂಗಾರೆ ಒಂದು ಕೆಲಸ ಮಾಡಾಣ. ನನ್ನ ಕ್ಯಾನು ಗಟ್ಟಿ, ನೈಟ್ರೋಜನ್ ಕಮ್ಮಿ. ನಿಮ್ಮದು ನೈಟ್ರೋಜನ್ ಐತೆ, ಕ್ಯಾನು ಲಡ್ಡು. ನಿಮ್ಮದ್ನ ನಂದಕ್ಕೆ ಸುರೀರಿ, ನಿಮ್ಮ ಇಲೀನೂ ನಂದ್ರಲ್ಲೇ ಇಡಿ. ಬೆಳಗೋಡಲ್ಲಿ ನಮ್ಮ ದೊಡ್ಡ ಕ್ಯಾನ್ ಐತೆ, ಸಂಜೆ ಅದಕ್ಕೆ ಹಾಕಾಣ. ಆದ್ರೆ ನಂಗೆ ಒಂದು ಹಸು ಕಾಯ್ತಾ ಐತೆ. ಮೊದ್ಲು ಅಲ್ಲಿಗೆ."

ಗೈಡಿಗೆ ಫೋನು ಮಾಡಿದೆ. ಮೋರಿ ಕಟ್ಟೆಯ ಮೇಲೆ ತುದಿಗಾಲಲ್ಲಿ ನಿಂತರೆ ಒಂದು ಗೆರೆ ಸಿಗ್ನಲ್ಲು. ಎಲೆ ಅಡಿಕೆ ಹೆಂಗಸರೆಲ್ಲ ಕಾಲು ಮಡಚಿ ಜಾಗ ಕೊಟ್ಟರು.

"ನೋ ನೋ, ಮುಚ್ಚಳ ತೆಗೀಬೇಡ," ಅಂದರು ಗೈಡು. "ಬಯೋಸೇಫ್ಟಿ ಕಮಿಟಿಗೆ ಏನಂತ ಬರೀಲಿ? ವರ್ಗಾವಣೆ ಒಪ್ಪಂದ ಇಲ್ದೆ ಹೊರಗಿನೋರಿಗೆ ಕೊಡೋ ಹಾಗಿಲ್ಲ. ಆ ಸೀಮೆನ್ ಜೊತೆ... ಛೆ! ಆನೆ ಹೋಗೋವರೆಗೂ ಕಾಯಿ."

"ಸರ್, ಮೂರು ಬೆರಳಿದೆ."

"ಬೆರಳಲ್ಲಿ ಅಳೀಬೇಡ, ಸೆಂಟಿಮೀಟರಲ್ಲಿ ಹೇಳು."

ಅಷ್ಟಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಹೆದರಿಕೆಯೂ ಇತ್ತು, ಸುಳ್ಳು ಹೇಳಲ್ಲ. ಅವರ ಮಾತು ಕೇಳಿ ಕೋಶ ಸತ್ತರೆ ತಪ್ಪು ಆನೆಯದು. ಕೇಳದೆ ಸತ್ತರೆ ತಪ್ಪು ನನ್ನದು. ಆದರೆ ಸತ್ತ ಕೋಶಕ್ಕೆ ತಪ್ಪು ಯಾರದಾದರೇನು? "ಸರ್, ಸಿಗ್ನಲ್ ಹೋಗ್ತಾ ಇದೆ, ಹಲೋ, ಹಲೋ," ಅಂತ ಹೇಳಿ ನಾನೇ ಕಟ್ ಮಾಡಿದೆ. ಮೋರಿ ಮೇಲಿದ್ದ ಒಬ್ಬಾಕೆ, "ಗಂಡನಾ?" ಅಂದಳು. ಅಲ್ಲ ಅಂದೆ. "ಗಂಡನ ಹಂಗೇ ಮಾತಾಡಿದ್ಯಲ್ಲ," ಅಂದಳು.

ಕೆಲಸ ಶುರುವಾಯಿತು. ಮೊದಲು ನನ್ನ ಕ್ಯಾನಿನಿಂದ ಸ್ವಲ್ಪ ಮಾತ್ರ ಅವರದಕ್ಕೆ ಸುರಿದೆವು, ಸೀಸೆಗಳು ಮುಳುಗಿರುತ್ತವೆ ಅಂದುಕೊಂಡಷ್ಟನ್ನು ಉಳಿಸಿಕೊಂಡು. ಬಿಳಿ ಹೊಗೆ ರಸ್ತೆ ಮೇಲೆಲ್ಲ ಹರಡಿ ಹೆಂಗಸರು ಕಾಲು ಮೇಲೆತ್ತಿ ಕೂತರು. ನನ್ನ ಸೀಸೆಗಳು ಅಲ್ಯುಮಿನಿಯಂ ಪಟ್ಟಿಯೊಂದಕ್ಕೆ ಮೇಲಿಂದ ಕೆಳಗೆ ಸಾಲಾಗಿ ಸಿಕ್ಕಿಸಿದ್ದವು. ಅವರ ಕ್ಯಾನು ಗಿಡ್ಡ, ಪಟ್ಟಿ ಹಿಡಿಸಲಿಲ್ಲ. ಬಿಡಿಯಾಗಿ ಹಾಕಿದರೆ ತೇಲುತ್ತವೆ.

"ಕಾಲುಚೀಲ ಐತಾ? ತೊಳ್ದಿರೋದು."

ನನ್ನ ಬ್ಯಾಗಿನಲ್ಲಿ ಇತ್ತು. ಮಲಗುವಾಗ ಹಾಕಿಕೊಳ್ಳುವ ಜೊತೆ, ಮೇಲೆಲ್ಲ ಗುಲಾಬಿ ಮೊಲಗಳು. ಮರ್ಯಾದೆ ಹೇಗೂ ಟವೆಲಿನಲ್ಲೇ ಹೋಗಿತ್ತು, ಕೊಟ್ಟೆ. ಅವರು ಇಕ್ಕಳ ಹಿಡಿದರು, ನಾನು ಚೀಲದ ಬಾಯಿ ಹಿಡಿದೆ. "ಹತ್ತು ಎಣಿಸೋದ್ರೊಳಗೆ ಮುಗೀಬೇಕು. ಹತ್ತರ ಮೇಲೆ ಹೋದ್ರೆ ವಾಪಸ್ ಮುಳುಗಿಸಿ, ಉಸಿರು ತಗಂಡು, ಮತ್ತೆ." ಡ್ರೈವರ್ ಎಣಿಸಿದ. ಮೋರಿ ಮೇಲಿದ್ದವರೂ ಸೇರಿಕೊಂಡು ಎಣಿಸಿದರು. ಎಂಟಕ್ಕೆ ಐದೂ ಸೀಸೆ ಚೀಲ ಸೇರಿ, ಚೀಲ ಅವರ ಕ್ಯಾನು ಸೇರಿತು. ಯಾರೋ ಚಪ್ಪಾಳೆ ತಟ್ಟಿದರು.

"ಮೇಲಿನ ಎರಡಕ್ಕೆ ಮಂಜು ಕಮ್ಮಿ ಇತ್ತು. ನೈಟ್ರೋಜನ್ ಮಟ್ಟದಿಂದ ಮೇಲೆ ನಿಂತಿದ್ವು ಅಂತ ಕಾಣ್ತದೆ. ನಂಬರ್ ನೆನಪಿಟ್ಕಳಿ," ಅಂದರು ಅವರು, ಉಳಿದ ನೈಟ್ರೋಜನ್ ಸುರಿಯುತ್ತಾ. ಒಂದು, ಎರಡು ಅಂತ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡೆ.

ಡ್ರೈವರನ್ನು ಸತ್ತ ಕ್ಯಾನಿನ ಜೊತೆ ಅಲ್ಲೇ ಬಿಟ್ಟು, ನಾನು ಬೈಕಿನ ಹಿಂದೆ ಕೂತು ಕ್ಯಾನು ಅಪ್ಪಿಕೊಂಡು ಹೊರಟೆ. ಹಿಂದಕ್ಕೆ ಹೋಗಿ, ಗದ್ದೆ ಬಯಲಿನ ಮಣ್ಣು ದಾರಿಯಲ್ಲಿ ಇಳಿದರೆ ಅಜ್ಜಿಯೊಬ್ಬರ ಮನೆ. ಮನೆಯವರೆಲ್ಲ ಕಾಫಿ ಕುಯ್ಯೋಕೆ ಹೋಗಿದ್ದರು. ಅಜ್ಜಿ ಕೊಟ್ಟಿಗೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಬೆಳಿಗ್ಗೆಯಿಂದ ಕೂಗ್ತಾ ಐತೆ, ನೀನು ಈಗ ಬತ್ತೀಯಾ? ಮೂರು ಸಲ ಹಾಕ್ದೆ, ಮೂರೂ ಸಲ ನಿಲ್ಲಲಿಲ್ಲ. ಇದೇ ಕೊನೆ ಕಣಯ್ಯ, ಈ ಸಲ ಆಗ್ಲಿಲ್ಲ ಅಂದ್ರೆ ಹೋರಿ ಇರೋರ ಮನೆಗೆ ಹೊಡ್ಕಂಡು ಹೋಯ್ತೀನಿ."

ಇನ್ಸೆಮಿನೇಟರ್ ಬಿಸಿನೀರು ಕೇಳಿದರು. ಥರ್ಮಾಮೀಟರ್ ಅದ್ದಿ, ತಣ್ಣೀರು ಬೆರೆಸಿ, ಮೂವತ್ತೇಳಕ್ಕೆ ತಂದರು. ನಾನು ಬೆರಗಾದೆ. ನಮ್ಮ ಲ್ಯಾಬಿನಲ್ಲೂ ಕೋಶ ಕರಗಿಸೋದು ಮೂವತ್ತೇಳಕ್ಕೇ, ಅರ್ಧ ನಿಮಿಷ, ಆಮೇಲೆ ಒರೆಸಿ ಒಣಗಿಸೋದು. ಅವರ ಇನ್ನೊಂದು ಪದ್ಧತಿ ಮಾತ್ರ ನಮ್ಮಲ್ಲಿಲ್ಲ. ಯಾವ ಮನೆಗೆ ಹೋದರೂ ವೀರ್ಯ ತುಂಬಿದ ಪ್ಲಾಸ್ಟಿಕ್ ಕಡ್ಡಿಯನ್ನು ಹಸುವಿನ ಯಜಮಾನರಿಗೆ ತೋರಿಸಿ, ಹೋರಿಯ ನಂಬರು ಓದಿ ಹೇಳಿ, ಅವರು ಹೂಂ ಅಂದ ಮೇಲೇ ಹಾಕೋದು. ಅಜ್ಜಿಗೆ ತೋರಿಸೋಕೆ ಅಂತ ಕ್ಯಾನಿಗೆ ಇಕ್ಕಳ ಇಳಿಸಿದರು. ಬಂದದ್ದು ಕಡ್ಡಿಯಲ್ಲ. ಹೊಗೆಯಾಡುವ ಗುಲಾಬಿ ಮೊಲ.

ಅವರು ತಟಕ್ಕನೆ ಒಳಗೆ ಬಿಟ್ಟರು. ಅಜ್ಜಿ ನೋಡಿಯಾಗಿತ್ತು.

"ಏನದು?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲಿ, ಅಜ್ಜಿ. ಈವಮ್ಮಂದು."

"ಇಲಿ ಅಂತೀಯ, ಮೊಲ ಇತ್ತಲ್ಲೋ!" ಅಜ್ಜಿ ಒಂದು ಹೆಜ್ಜೆ ಹಿಂದಿಟ್ಟರು. "ನಮ್ಮ ಗೌರಿ ಕಡ್ಡಿ ಜೊತೆ ಇಲಿ ಬಿಟ್ಟಿದೀಯಾ? ಮೂರು ಸಲ ಯಾಕ್ ನಿಲ್ಲಲಿಲ್ಲ ಅಂತ ಈಗ ಗೊತ್ತಾಯ್ತು."

"ಅಯ್ಯೋ, ಇವತ್ತೇ ಅಜ್ಜಿ, ಈಗಿನ್ನ ಒಂದು ಗಂಟೆ ಹಿಂದೆ..."

"ಅದನ್ನ ಹೊರಗೆ ತೆಗಿ. ತಗಂಡು ಆ ಬೇಲಿ ಹತ್ರ ನಿಂತ್ಕಳವ್ವ ನೀನು. ಹಸು ಕೆಲಸ ಮುಗಿದ ಮೇಲೆ ಒಳಗಿಡುವಂತೆ."

"ಹೊರಗೆ ತೆಗೆದ್ರೆ ಸತ್ತೋಯ್ತವೆ ಅಜ್ಜಿ," ಅಂದೆ.

"ನಮ್ಮನೇಲಿ ಇಲಿ ಸತ್ರೆ ಪಾಯಸ ಮಾಡ್ತೀವಿ."

ಇನ್ಸೆಮಿನೇಟರ್ ಕ್ಯಾನಿನ ಮುಚ್ಚಳ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತರು. ಅಜ್ಜಿ ಹೂಂ ಅನ್ನದೆ ಅವರು ಹಾಕುವವರಲ್ಲ. ನನ್ನ ಸೀಸೆ ಹೊರಗೆ ತೆಗೆಯುವವರೂ ಅಲ್ಲ. ಹಸುವಿನ ಬೆದೆ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. "ಅಮ್ಮಾ, ನೀವೇ ಹೇಳಿ ಒಪ್ಪಿಸ್ಬೇಕು. ನಂಗೆ ಇದು ಏನು ಅಂತಾನೇ ಗೊತ್ತಿಲ್ಲ," ಅಂದರು.

ನಾನು ಈ ವಿಷಯದ ಮೇಲೆ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿದ್ದೇನೆ. ಯಾರೂ ಬಾಗಿಲಿಗೆ ಅಡ್ಡ ನಿಂತು ಕೇಳಿರಲಿಲ್ಲ. ಅಂಗಳದ ಹಗ್ಗದ ಮೇಲೆ ಅಜ್ಜಿಯ ಒಂದು ಹತ್ತಿ ಸೀರೆ ಒಣಗುತ್ತಿತ್ತು. ಅದನ್ನೇ ಎಳೆದುಕೊಂಡೆ.

"ಅಜ್ಜಿ, ನಮ್ಮ ಮೈಯಲ್ಲಿ, ಹಸು ಮೈಯಲ್ಲಿ, ಇಲಿ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೋಶ ಇರ್ತವೆ. ಒಂದೊಂದರ ಒಳಗೂ ಹೆಚ್ಚುಕಮ್ಮಿ ಎರಡು ಮೀಟರು ದಾರ."

"ಗಂಟು ಬೀಳಲ್ವಾ?"

ನನ್ನ ಇಡೀ ವೃತ್ತಿ ಆ ಎರಡು ಪದದ ಪ್ರಶ್ನೆಯ ಮೇಲೆ ನಿಂತಿದೆ. "ಬೀಳಬಾರದು ಅಂತಾನೇ ಅದು ನೆರಿಗೆ ಹಿಡ್ಕೊಂಡಿರುತ್ತೆ. ಹಿಂಗೆ." ಸೀರೆಯನ್ನು ಬೆರಳಲ್ಲಿ ಎಳೆದು ಎಳೆದು ನೆರಿಗೆ ಮಾಡಿದೆ. "ನೆರಿಗೆ ಹಿಡಿಯೋಕೆ ನನ್ನ ಕೈ ಇದೆಯಲ್ಲ, ಹಂಗೇ ಅಲ್ಲೊಂದು ಇರುತ್ತೆ. ದಾರ ಎಳ್ಕೊಂಡು ಎಳ್ಕೊಂಡು ಹೋಗುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಗುರುತಿಗೆ ಪಿನ್ನಿನ ಥರ ಇನ್ನೊಂದು ಇರುತ್ತೆ. ಹೊರಗೆ ಕಾಣೋ ಭಾಗ ಕೆಲಸ ಮಾಡುತ್ತೆ, ಒಳಗೆ ಸಿಕ್ಕೊಂಡ ಭಾಗ ಸುಮ್ಮನಿರುತ್ತೆ. ಎಲ್ಲ ಕೋಶಕ್ಕೂ ಸೀರೆ ಒಂದೇ, ಉಡೋ ರೀತಿ ಬೇರೆ. ಕಣ್ಣಿಂದು ಒಂದು ಥರ ಉಡುತ್ತೆ, ಚರ್ಮದ್ದು ಒಂದು ಥರ."

"ಮತ್ತೆ ನಿನ್ನ ಮೊಲದ್ದು?"

"ಇಲೀದು. ಅದು ಇನ್ನೂ ಯಾವ ಥರ ಉಡಬೇಕು ಅಂತ ತೀರ್ಮಾನ ಮಾಡಿಲ್ಲ. ಸಡಿಲವಾಗಿ ಸುತ್ಕೊಂಡು ನಿಂತಿದೆ."

"ನನ್ನ ಸೊಸೆ ಮದುವೆ ಮನೆಗೆ ಹೊರಟಂಗೆ," ಅಂದರು ಅಜ್ಜಿ. ಇನ್ಸೆಮಿನೇಟರ್ ಮುಖ ಆ ಕಡೆ ತಿರುಗಿಸಿಕೊಂಡರು. "ಅದ್ನ ಇಟ್ಕಂಡು ಏನ್ ಮಾಡ್ತೀಯ ನೀನು?"

"ಅದು ಹಂಗೆ ಸಡಿಲವಾಗಿ ನಿಂತಿರೋವಾಗ, ನೆರಿಗೆ ಹಿಡಿಯೋ ಕೈನೇ ಮಾಯ ಮಾಡಿಬಿಡ್ತೀವಿ. ಸೀರೆ ಬೀಳುತ್ತಾ, ನಿಲ್ಲುತ್ತಾ ಅಂತ ನೋಡ್ತೀವಿ."

"ಬೀಳಲ್ಲ."

"ನಿಮಗೆ ಹೆಂಗೆ ಗೊತ್ತು?"

"ಉಟ್ಟಾದ್ಮೇಲೆ ಕೈಗೇನ್ ಕೆಲಸ ಅಲ್ಲಿ? ನಾನೇನು ದಿನಾ ನೆರಿಗೆ ಹಿಡ್ಕಂಡೇ ಓಡಾಡ್ತೀನಾ?"

ನಂಗೆ ಸಿಟ್ಟು ಬಂತು. ಎರಡನೇ ವಿಮರ್ಶಕರ ಪ್ರಶ್ನೆಗೆ ನಾಲ್ಕು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ, ಇಲ್ಲಿ ಅರ್ಧ ನಿಮಿಷದಲ್ಲಿ ತೀರ್ಪು! "ಹಂಗೆ ಬಾಯಲ್ಲಿ ಹೇಳಿದ್ರೆ ಯಾರೂ ಒಪ್ಪಲ್ಲ ಅಜ್ಜಿ, ಮಾಡಿ ತೋರಿಸ್ಬೇಕು. ಮಾಡೋಕೆ ಇರೋದೇ ಈ ಐದು. ಒಬ್ಬಳು ಹುಡುಗಿ ಮೂರು ವರ್ಷ ಕಣ್ಣು ಹಾಳು ಮಾಡ್ಕೊಂಡು ಮಾಡಿದ್ದು. ಇವು ಹೋದ್ರೆ ನಂಗೆ ಮತ್ತೆ ಮಾಡೋ ಶಕ್ತಿ ಇಲ್ಲ." ಹೇಳುತ್ತಾ ಹೇಳುತ್ತಾ ಅಳು ಬಂದೇಬಿಟ್ಟಿತು. ಅಜ್ಜಿಯ ಸೀರೆಯಲ್ಲೇ ಮೂಗು ಒರೆಸಿಕೊಂಡೆ.

ಅಜ್ಜಿ ನನ್ನನ್ನೂ ಸೀರೆಯನ್ನೂ ನೋಡಿದರು. ಗೌರಿ ಕೂಗಿತು.

"ಅದ್ರ ಮುಚ್ಚಳ ಬಿಗಿಯಾಗೈತಾ?"

"ಬಿಗಿ ಇದೆ ಅಜ್ಜಿ. ಅದೇ ಬೇರೆ, ಕಡ್ಡಿಯೇ ಬೇರೆ. ಒಂದಕ್ಕೊಂದು ಸೋಕಲ್ಲ."

"ಹಂಗಾರೆ ಒಂದು ಮಾತು. ಕರ ಹುಟ್ಟಿದಾಗ ನೀನು ಬಂದು ನಿಂತ್ಕಬೇಕು. ಬಾಲ, ಕಿವಿ, ಹಲ್ಲು ಎಲ್ಲ ನೋಡಿ, ಇದು ಇಲಿ ಅಲ್ಲ ಅಂತ ನನ್ನ ಮುಂದೆ ಹೇಳ್ಬೇಕು. ಗೌರಿ ಹಣೆ ಮುಟ್ಟಿ ಆಣೆ ಮಾಡು."

ಮಾಡಿದೆ. ಗೌರಿ ನನ್ನ ಕೈ ನೆಕ್ಕಿತು. ಅಂಗೈಯಲ್ಲಿ ಬರೆದುಕೊಂಡಿದ್ದ ನಂಬರುಗಳಲ್ಲಿ ಅರ್ಧ ಅಳಿಸಿಹೋಯಿತು. ಇನ್ಸೆಮಿನೇಟರ್ ಸರಿಯಾದ ಕಡ್ಡಿ ತೆಗೆದು, ಹೋರಿಯ ನಂಬರು ಓದಿ ಹೇಳಿದರು. ಅಜ್ಜಿ ಹೂಂ ಅಂದರು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಸಂಜೆ ರಸ್ತೆ ಬಿಟ್ಟ ಮೇಲೆ ಬೆಳಗೋಡಿನ ಕೇಂದ್ರದಲ್ಲಿ ದೊಡ್ಡ ಕ್ಯಾನಿಗೆ ಇಳಿಸುವಾಗ ಅವರು ರಿಜಿಸ್ಟರ್ ತೆಗೆದರು. ಒಳಗಿಡುವುದೆಲ್ಲ ಬರೆಯಲೇಬೇಕು. ತಳಿ ಅನ್ನೋ ಜಾಗದಲ್ಲಿ "ಇಲಿ" ಅಂತ ಬರೆದರು. ಗಂಡೋ ಹೆಣ್ಣೋ ಕೇಳಿದರು, ಗಂಡು ಅಂದೆ. ಕಡ್ಡಿಯ ಬಣ್ಣ ಅನ್ನೋ ಕಡೆ ಸ್ವಲ್ಪ ಯೋಚಿಸಿ "ಮೊಲ" ಅಂತ ತುಂಬಿಸಿ, ನನ್ನ ಸಹಿ ಹಾಕಿಸಿದರು. ಗೈಡಿಗೆ ಅದರ ಫೋಟೋ ಕಳಿಸಿದೆ. ಕಾಗದ ಸಿಕ್ಕಿದ್ದಕ್ಕೋ ಏನೋ, ಅವರು ಬೈಯಲಿಲ್ಲ.

ಎರಡು ದಿನ ಪಾಳ್ಯದ ನಮ್ಮ ಮನೆಯಲ್ಲಿದ್ದು, ಬೆಂಗಳೂರಿಂದ ಗಟ್ಟಿ ಕ್ಯಾನು ಬಂದ ಮೇಲೆ ಹೊರಟೆ. ಆನೆಗಳು ಅಷ್ಟರಲ್ಲಿ ಬೇರೆ ಎಸ್ಟೇಟಿಗೆ ಹೋಗಿದ್ದವಂತೆ. ನಾನು ಕಡೆಗೂ ನೋಡಲಿಲ್ಲ.

ಲ್ಯಾಬಿನಲ್ಲಿ ಗೈಡು ಕ್ಯಾನಿನಿಂದ ಗುಲಾಬಿ ಮೊಲ ಎತ್ತಿದರು. ಒಳ್ಳೆಯ ಸೀಸೆ ಉಳಿಸೋಣ, ಮೊದಲು ಅನುಮಾನದ್ದನ್ನು ಕರಗಿಸಿ ನೋಡೋಣ ಅಂತ ತೀರ್ಮಾನವಾಯಿತು. ಒಂದನೇ ನಂಬರು. ಮೂವತ್ತೇಳರ ನೀರಿನಲ್ಲಿ ಅಲ್ಲಾಡಿಸಿ, ಸಾಸಿವೆಕಾಳಷ್ಟು ಮಂಜು ಉಳಿದಾಗ ತೆಗೆದು, ಹನಿ ಹನಿಯಾಗಿ ಆಹಾರದ ದ್ರವ ಬೆರೆಸಿ ತಟ್ಟೆಗೆ ಹಾಕಿದೆ. ಮರುದಿನ ನೋಡಿದರೆ ಎಲ್ಲ ತೇಲುತ್ತಿದ್ದವು. ಹೆಣಗಳು. ಎರಡನೇ ನಂಬರೂ ಅದೇ ಕತೆ. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಇನ್ಸೆಮಿನೇಟರ್ ದಿನಾ ಬೆಳಿಗ್ಗೆ ಹಾಲು ಡೈರಿಯಿಂದ ಫೋನು ಮಾಡೋರು. ಒಂದೇ ಮಾತು: "ಹಿಡೀತಾ?"

"ಇಲ್ಲ. ಎರಡೂ ಹೋದ್ವು."

"ಯಾವ ಎರಡು? ಮೇಲಿನವಾ? ಹೋಗ್ಲೇಬೇಕಿತ್ತು. ನಾನು ಅವತ್ತೇ ಹೇಳ್ಲಿಲ್ವಾ? ಮೂರು ಮುಳುಗಿದ್ವು ಕಣಮ್ಮ. ನೈಟ್ರೋಜನ್ನಲ್ಲಿ ಮುಳುಗಿದ್ದು ಸಾಯಲ್ಲ. ಐದನೇದು ತೆಗೀರಿ."

ಐದನೇದು ತೆಗೆದೆ. ಒಂದನೇ ದಿನ ಏನೂ ಇಲ್ಲ. ಎರಡನೇ ದಿನ ಮೂಲೆಯಲ್ಲಿ ಏನೋ ಅಂಟಿಕೊಂಡ ಹಾಗೆ. ಮೂರನೇ ದಿನ ಸೂಕ್ಷ್ಮದರ್ಶಕದ ಕೆಳಗೆ ಅಂಚು ಹೊಳೆಯುವ, ಇಡ್ಲಿ ಹಾಗೆ ಉಬ್ಬಿದ ಪುಟ್ಟ ಪುಟ್ಟ ಗುಂಪುಗಳು, ಒಂದಲ್ಲ, ತಟ್ಟೆ ತುಂಬ. ನಾನು ಕಿರುಚಿದೆ. ಗೈಡು ಓಡಿ ಬಂದು ನೋಡಿ, ತಾವೇ ಹೋಗಿ ನಂಗೆ ಕಾಫಿ ತಂದುಕೊಟ್ಟರು. ಎಂಟು ವರ್ಷದಲ್ಲಿ ಅದು ಮೊದಲನೇ ಸಲ.

"ಹಿಡೀತು!" ಅಂದೆ ಫೋನಿನಲ್ಲಿ.

"ನಿಮ್ಮದಕ್ಕೆ ಮೂರೇ ದಿನ," ಅಂದರು ಅವರು, ಸ್ವಲ್ಪ ಹೊಟ್ಟೆಕಿಚ್ಚಿನಿಂದ. "ನಂದಕ್ಕೆ ಇಪ್ಪತ್ತೊಂದು ಕಾಯ್ಬೇಕು."

ಇಪ್ಪತ್ತೆರಡನೇ ದಿನ ನಾನೇ ಕೇಳಿದೆ. ಗೌರಿ ಮತ್ತೆ ಬೆದೆಗೆ ಬಂದು ಕೂಗಿರಲಿಲ್ಲ.

ಕರು ಹುಟ್ಟಿದಾಗ ಪ್ರಬಂಧ ಒಪ್ಪಿತವಾಗಿ ಒಂದು ವಾರವಾಗಿತ್ತು. ಕೃತಜ್ಞತೆಯ ಸಾಲಿನಲ್ಲಿ ಇನ್ಸೆಮಿನೇಟರ್ ಹೆಸರು ಹಾಕಿದ್ದೆ. ಗೈಡು ಎರಡು ಸಲ ಹೊಡೆದುಹಾಕಿದರು, ಮೂರನೇ ಸಲ ಸುಮ್ಮನಾದರು. ಆಣೆ ಮಾಡಿದ್ದೆನಲ್ಲ, ಮಗುವಿನ ಮನೆಗೆ ಹೋಗುವ ಹಾಗೆ ಬೆಲ್ಲ ಕೊಬ್ಬರಿ ಹಿಡಿದುಕೊಂಡು ಹೋದೆ. ಅಜ್ಜಿ ಕೊಟ್ಟಿಗೆಯಲ್ಲಿ ಕಾಯುತ್ತಿದ್ದರು. ಇನ್ಸೆಮಿನೇಟರ್ ಗೋಡೆಗೊರಗಿ ನಿಂತಿದ್ದರು. ನಾನು ಮಂಡಿಯೂರಿ ಕೂತು ಕರುವಿನ ಬಾಲ ನೋಡಿದೆ, ಹಲ್ಲು ನೋಡಿದೆ, ಕಿವಿ ನೋಡಿದೆ.

"ಹೆಣ್ಣು ಕರ. ಇಲಿ ಅಲ್ಲ ಅಜ್ಜಿ."

"ಕಿವಿ ಒಸಿ ಉದ್ದ ಆಯ್ತು," ಅಂದರು ಅಜ್ಜಿ. "ಮೊಲದ್ದು ಬಂದ್ಬುಟ್ಟೈತೆ." ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಸೀರೆ ಏನಾಯ್ತು? ಬಿತ್ತಾ?"

ಅವರು ಮರೆತಿರುತ್ತಾರೆ ಅಂದುಕೊಂಡಿದ್ದೆ. "ಇಲ್ಲ ಅಜ್ಜಿ. ನಿಂತಿತ್ತು. ಕೈ ಮಾಯ ಮಾಡಿದ್ವಿ, ನೆರಿಗೆ ಎಲ್ಲ ಬಿಚ್ಕೊಂಡ್ವು, ಆದ್ರೂ ಕೋಶ ತಾನು ಏನಾಗಿತ್ತೋ ಅದೇ ಆಗಿ ನಿಂತಿತ್ತು. ಆದ್ರೆ ಅದನ್ನ ಬೇರೆ ಥರ ಉಡು, ನರದ ಕೋಶ ಆಗು ಅಂದಾಗ ಆಗಲಿಲ್ಲ. ಹೊಸದಾಗಿ ಉಡೋಕೆ ಬರಲಿಲ್ಲ."

"ಕೈ ಇಲ್ದೆ ಉಡಾದು ಹೆಂಗೆ?" ಅಂದರು ಅಜ್ಜಿ. "ಇಷ್ಟು ತಿಳ್ಕಳಕ್ಕೆ ಒಂದು ಹುಡುಗಿ ಕಣ್ಣು ಹಾಳು ಮಾಡ್ಕಂಡ್ಲಾ?"

ಇನ್ಸೆಮಿನೇಟರ್ ಕೆಮ್ಮಿದರು. ಪ್ರಬಂಧದ ಕೊನೆಯ ಪ್ಯಾರಾದಲ್ಲಿ ನಾವು ಬರೆದದ್ದೂ ಇಷ್ಟೇ, ಸ್ವಲ್ಪ ಉದ್ದವಾಗಿ. ಅಜ್ಜಿ ಒಳಗೆ ಹೋಗಿ, ಹಗ್ಗದ ಮೇಲೆ ಅವತ್ತು ಒಣಗುತ್ತಿದ್ದ ಅದೇ ಹತ್ತಿ ಸೀರೆಯನ್ನು ಮಡಿಕೆ ಮುರಿಯದ ಹಾಗೆ ತಂದು ನನ್ನ ಮಡಿಲಿಗೆ ಹಾಕಿದರು.

"ತಗಾ. ಆ ಹುಡುಗಿಗೆ ಕೊಡು. ನೀನು ಮೂಗು ಒರೆಸಿದ್ದೆ, ನಾನು ಒಗ್ದಿದೀನಿ."